ಊರಲ್ಲಿ ಹುಳು ಕಡಿಮೆ, ಒಬ್ಬರ ಹೊಟ್ಟೆಯಲ್ಲಿ ಜಾಸ್ತಿ: ಕೊಕ್ಕೆಹುಳು ಟಿಪ್ಪಣಿ

ನೂರು ಜನರಲ್ಲಿ ಹತ್ತೇ ಜನಕ್ಕೆ ಕೊಕ್ಕೆಹುಳು ಇದ್ದರೆ, ಅಲ್ಲಿ ಕಾಯಿಲೆಯೂ ಹಗುರವಾಗಿರಬೇಕು ಅಲ್ವಾ? ನಾನು ಹಾಗೇ ಅಂದುಕೊಂಡು ಎರಡು ದಿನ ಇಲ್ಲೇ ಸಿಕ್ಕಿಹಾಕಿಕೊಂಡೆ.

ಬ್ಯಾಕ್ಟೀರಿಯಾ ಮೈಯೊಳಗೇ ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತದೆ. ಕೊಕ್ಕೆಹುಳು ಹಾಗಲ್ಲ. ಮೊಟ್ಟೆ ಮಲದ ಜೊತೆ ಹೊರಗೆ ಬಿದ್ದು, ಒದ್ದೆ ಮಣ್ಣಲ್ಲಿ ಮರಿಯಾಗಿ, ಮತ್ತೆ ಯಾರದೋ ಕಾಲಿನ ಚರ್ಮ ತೂರಬೇಕು. ನಮ್ಮ ಕೊಡಗಿನ ಕಾಫಿ ತೋಟದ ನೆರಳು, ಮಳೆ, ಎಲೆ ಕೊಳೆತ ಮಣ್ಣು ಆ ಮರಿಗೆ ಚೆನ್ನಾಗಿ ಹೊಂದುತ್ತವೆ. ಜಿಗಣೆಯಾದರೆ ಕಣ್ಣಿಗೆ ಕಾಣುತ್ತದೆ, ರಕ್ತ ಕುಡಿದು ಉದುರಿಹೋಗುತ್ತದೆ. ಕೊಕ್ಕೆಹುಳು ಕಾಣುವುದೇ ಇಲ್ಲ, ಕರುಳಿನೊಳಗೆ ವರ್ಷಗಟ್ಟಲೆ ಕಚ್ಚಿಕೊಂಡಿರುತ್ತದೆ.

ಅಂದರೆ ಹೊಟ್ಟೆಯಲ್ಲಿ 100 ಹುಳು ಇದ್ದರೆ 100 ಮರಿಗಳು ಹೊರಗಿನಿಂದಲೇ ಬಂದಿವೆ. ಬರಿಗಾಲಲ್ಲಿ ಅದೇ ಜಾಗ ಮತ್ತೆ ಮತ್ತೆ ತುಳಿಯುವವರಲ್ಲಿ ಹುಳು ಗುಡ್ಡೆಯಾಗುತ್ತದೆ. ಸುಮಾರು 20% ಜನರಲ್ಲಿ 80% ಹುಳು ಅನ್ನುವುದು ಇದಕ್ಕೇ.

ನನಗೆ ಅರ್ಥವಾಗಿದ್ದು ಈ ಲೆಕ್ಕದಿಂದ (ಅಂಕಿ ನಾನೇ ಹಾಕಿಕೊಂಡಿದ್ದು). ಜನ 100, ಹುಳು ಇರುವವರು 10, ಒಟ್ಟು ಹುಳು 300. ಸರಾಸರಿ ತಲೆಗೆ ಮೂರೇ. ಆದರೆ ಎಂಟು ಜನರಲ್ಲಿ ಸೇರಿ 50, ಉಳಿದ ಇಬ್ಬರಲ್ಲಿ ತಲಾ 125! ಕೊಕ್ಕೆಹುಳುಗಳಲ್ಲಿ ಆನ್ಸಿಲೋಸ್ಟೋಮಾ ಅನ್ನುವ ಜಾತಿಯ ಒಂದು ಹುಳುವಿನಿಂದ ದಿನಕ್ಕೆ ಸುಮಾರು 0.2 ಮಿಲಿ ರಕ್ತ ಹೋಗುತ್ತದೆ. 125 ಹುಳುವಿಗೆ 25 ಮಿಲಿ. ಒಂದು ಮಿಲಿ ರಕ್ತದಲ್ಲಿ ಅರ್ಧ ಮಿಗ್ರಾಂ ಕಬ್ಬಿಣ. ದಿನಕ್ಕೆ 12.5 ಮಿಗ್ರಾಂ ಸೋರಿದರೆ, ಸ್ವಲ್ಪ ಕರುಳಲ್ಲೇ ವಾಪಸ್ ಹೀರಿಕೊಂಡರೂ, ಊಟದಿಂದ ಸಿಗುವ 1–2 ಮಿಗ್ರಾಂ ಎಲ್ಲಿ ಸಾಕು? ಇನ್ನೊಂದು ಜಾತಿ ನೆಕೇಟರ್ ಕುಡಿಯುವುದು 0.03 ಮಿಲಿ ಮಾತ್ರ, ಅದಕ್ಕೇ ಯಾವ ಜಾತಿ ಅನ್ನುವುದೂ ಮುಖ್ಯ.

ಒಂದು ಗ್ರಾಂ ಮಲದಲ್ಲಿ 4000 ಮೊಟ್ಟೆ ದಾಟಿದರೆ ಭಾರೀ ಸೋಂಕು. ಔಷಧ ಆಲ್ಬೆಂಡಜೋಲ್ 400 ಮಿಗ್ರಾಂ.

ಸಾಮೂಹಿಕವಾಗಿ ಮಾತ್ರೆ ಕೊಡಲು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಗಡಿ, 20% ಜನರಲ್ಲಿ ಹುಳು ಇರಬೇಕು; ನನ್ನ ಲೆಕ್ಕದ ಊರಲ್ಲಿ 10% ಮಾತ್ರ. ನಮ್ಮಲ್ಲಿ ಫೆಬ್ರವರಿ 10ರ ಜಂತುಹುಳು ನಿವಾರಣಾ ದಿನದ ಮಾತ್ರೆ 1ರಿಂದ 19 ವರ್ಷದವರಿಗೆ. ಲೈನ್ ಮನೆಯಲ್ಲಿರುವ (ತೋಟದ ಕೆಲಸಗಾರರ ಸಾಲುಮನೆ) ನಲವತ್ತರ ಹೆಂಗಸು ಈ ಎರಡರಲ್ಲೂ ಸಿಗದೆ ಹೋಗಬಹುದು. ಕಬ್ಬಿಣದ ಮಾತ್ರೆ ನುಂಗಿಯೂ ರಕ್ತ ಏರದಿದ್ದರೆ ಮಲ ಪರೀಕ್ಷೆ ಮಾಡಿಸಲೇಬೇಕು.

ಸ್ಟ್ರಾಂಗಿಲಾಯ್ಡಿಸ್ ಅನ್ನುವ ಇನ್ನೊಂದು ಹುಳು ಮೇಲಿನ ನಿಯಮ ಮುರಿಯುತ್ತದೆ, ಅದು ಮೈಯೊಳಗೇ ಹೆಚ್ಚಬಲ್ಲದು. ಸ್ಟೀರಾಯ್ಡ್ ಕೊಟ್ಟಾಗ ಮೈಯೆಲ್ಲ ಹರಡಿ ಜೀವವನ್ನೇ ತೆಗೆಯಬಹುದು. ಇದಕ್ಕೆ ಐವರ್ಮೆಕ್ಟಿನ್ ಬೇಕು. ‘ಬರಿಗಾಲಲ್ಲಿ ತೋಟದ ಕೆಲಸ ಮಾಡಿದ್ದೀರಾ?’ ಅನ್ನುವ ಪ್ರಶ್ನೆಯನ್ನು ನನ್ನ ಕೇಸ್ ಹಿಸ್ಟರಿ ಪುಟದ ಮೇಲ್ಗಡೆಯೇ ಬರೆದಿಟ್ಟುಕೊಂಡಿದ್ದೇನೆ.