ಗಾಳಿಯಂತ್ರಕ್ಕೆ ನೆರೆಯವರ ಒಪ್ಪಿಗೆ: ಅರ್ಧ ಶತಮಾನದ ಹಿನ್ನೆಲೆ

ಗಾಳಿಯಿಂದ ವಿದ್ಯುತ್ ತಯಾರಿಸಬೇಕೇ ಎಂದು ಕೇಳಿದರೆ ಬಹಳಷ್ಟು ದೇಶಗಳಲ್ಲಿ ಹೆಚ್ಚಿನವರು ಬೇಕೆಂದೇ ಹೇಳುತ್ತಾರೆ. ಹಾಗಿದ್ದರೂ ನೆಲದ ಮೇಲಿನ ಪವನ ವಿದ್ಯುತ್ ಯೋಜನೆಯೊಂದು ನಿರ್ದಿಷ್ಟ ಊರಿನ ಹೆಸರು ಹೊತ್ತು ಬಂದಾಗ ಅಲ್ಲಿ ವಿರೋಧ ಹುಟ್ಟುವುದು ಸಾಮಾನ್ಯ. ಈ ಬಿರುಕು ಆರಂಭದಿಂದಲೂ ಇಷ್ಟು ದೊಡ್ಡದಾಗಿರಲಿಲ್ಲ.

1973ರ ತೈಲ ಬಿಕ್ಕಟ್ಟು ಬಂದಾಗ ಡೆನ್ಮಾರ್ಕ್ ತನ್ನ ಇಂಧನದ ಬಹುಪಾಲಿಗೆ ಆಮದು ತೈಲವನ್ನೇ ನಂಬಿಕೊಂಡಿತ್ತು. ಪರಮಾಣು ಸ್ಥಾವರಗಳ ಪ್ರಸ್ತಾಪಕ್ಕೆ ಎದ್ದ ವಿರೋಧದ ನಡುವೆಯೇ ಗಾಳಿಯ ಕಡೆಗೆ ಜನರ ಗಮನ ಹರಿಯಿತು. ಟ್ವಿಂಡ್ ಎಂಬಲ್ಲಿನ ಶಾಲೆಗಳ ಶಿಕ್ಷಕರು ನೂರಾರು ಸ್ವಯಂಸೇವಕರನ್ನು ಕೂಡಿಕೊಂಡು ಕಟ್ಟಿದ ಬೃಹತ್ ಗಾಳಿಯಂತ್ರ 1978ರಲ್ಲಿ ತಿರುಗತೊಡಗಿತು. ಮುಂದೆ ನೆರೆಹೊರೆಯವರು ಸೇರಿ ಸಹಕಾರಿ ಕೂಟಗಳನ್ನು ಕಟ್ಟಿಕೊಂಡು, ಷೇರು ಹಾಕಿ ಯಂತ್ರಗಳನ್ನು ಕೊಂಡರು. ಆಸುಪಾಸಿನಲ್ಲಿ ವಾಸಿಸುವವರೇ ಷೇರು ಪಡೆಯಬೇಕು, ಅದೂ ತಮ್ಮ ಬಳಕೆಗೆ ಅನುಗುಣವಾದ ಮಿತಿಯಲ್ಲಿ ಎಂಬಂಥ ನಿಯಮಗಳಿದ್ದುದರಿಂದ, ರೆಕ್ಕೆಯ ಸದ್ದು ಯಾರ ಕಿವಿಗೆ ಬೀಳುತ್ತಿತ್ತೋ ಅವರ ಕೈಗೇ ಅದರ ಆದಾಯವೂ ಸೇರುತ್ತಿತ್ತು. 2000ದ ಸುಮಾರಿಗೆ ಇಂಥ ಕೂಟಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕುಟುಂಬಗಳು ಪಾಲು ಹೊಂದಿದ್ದವು. ಜನಬೆಂಬಲವನ್ನು ಅಲ್ಲಿ ಯಾರೂ ಪ್ರಚಾರದಿಂದ ಗಳಿಸಲಿಲ್ಲ. ಅದು ಒಡೆತನದೊಳಗೇ ಇತ್ತು.

ಕಾಲ ಸರಿದಂತೆ ಯಂತ್ರಗಳು ಎತ್ತರವಾದವು, ಬಂಡವಾಳದ ಗಾತ್ರ ಬೆಳೆಯಿತು, ವಾಸದ ನಿಯಮಗಳು ಸಡಿಲಗೊಂಡು ದೂರದ ಹೂಡಿಕೆದಾರರು ಬಂದರು. ಕಳೆದುಹೋದ ಒಪ್ಪಿಗೆಯನ್ನು ಮರಳಿ ಪಡೆಯಲು 2009ರಿಂದ ಜಾರಿಗೆ ಬಂದ ಡೆನ್ಮಾರ್ಕಿನ ಕಾಯ್ದೆಯು ಹೊಸ ಯೋಜನೆಗಳ ಕನಿಷ್ಠ ಶೇ. 20ರಷ್ಟು ಪಾಲನ್ನು ಸ್ಥಳೀಯರ ಮುಂದಿಡಬೇಕೆಂದು ವಿಧಿಸಿತು. ಮನೆಯ ಬೆಲೆ ಕುಸಿದವರಿಗೆ ಪರಿಹಾರವನ್ನೂ ಒದಗಿಸಿತು. ನನ್ನ ದೃಷ್ಟಿಯಲ್ಲಿ ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಪಾಲು ಪಡೆದವರು ಯೋಜನೆಯ ಒಳಗಿರುತ್ತಾರೆ. ಪರಿಹಾರ ಪಡೆದವರು ಹಾನಿಗೊಳಗಾದವರಾಗಿ ಹೊರಗೇ ಉಳಿಯುತ್ತಾರೆ.

ಬೇರೆ ಕಡೆ ಸರ್ಕಾರಗಳು ವಿರೋಧಕ್ಕೆ ಮಣಿದು ಬಾಗಿಲನ್ನೇ ಮುಚ್ಚಿದವು. ಜರ್ಮನಿಯ ಬವೇರಿಯಾ ರಾಜ್ಯ 2014ರಲ್ಲಿ ಯಂತ್ರದ ಎತ್ತರದ ಹತ್ತು ಪಟ್ಟು ದೂರದೊಳಗೆ ಮನೆಗಳಿರಬಾರದೆಂದು ನಿಯಮ ಮಾಡಿತು. ಎಂದರೆ 200 ಮೀಟರ್ ಎತ್ತರದ ಯಂತ್ರಕ್ಕೆ ಎರಡು ಕಿಲೋಮೀಟರ್ ಅಂತರ ಬೇಕಾಗಿತ್ತು. ಹೊಸ ಅರ್ಜಿಗಳು ಬಹುತೇಕ ನಿಂತೇಹೋದವು. ಇಂಗ್ಲೆಂಡ್ 2015ರಲ್ಲಿ ಯೋಜನಾ ನಿಯಮಗಳನ್ನು ಎಷ್ಟು ಬಿಗಿಗೊಳಿಸಿತೆಂದರೆ ಕೆಲವೇ ಜನರ ಆಕ್ಷೇಪಣೆಯೂ ಯೋಜನೆಯನ್ನು ತಡೆಯಬಹುದಾಗಿತ್ತು. ಆ ನಿರ್ಬಂಧ ತೆರವಾದದ್ದು 2024ರ ಜುಲೈಯಲ್ಲಿ.

ವಿರೋಧಿಸುವವರನ್ನು ಸ್ವಾರ್ಥಿಗಳೆಂದು ತಳ್ಳಿಹಾಕುವ ವಿವರಣೆ ಈ ಅವಧಿಯುದ್ದಕ್ಕೂ ಚಾಲ್ತಿಯಲ್ಲಿತ್ತು. ಡಚ್ ಸಂಶೋಧಕ ಮಾರ್ಟೆನ್ ವೋಲ್ಸಿಂಕ್ ಅದನ್ನು ದಶಕಗಳಿಂದ ಪ್ರಶ್ನಿಸುತ್ತ ಬಂದಿದ್ದಾರೆ. ಅವರ ಅಧ್ಯಯನಗಳ ಪ್ರಕಾರ ಭೂದೃಶ್ಯದ ಮೇಲಿನ ಪರಿಣಾಮವೂ ನಿರ್ಧಾರ ನ್ಯಾಯವಾಗಿ ನಡೆಯಿತೇ ಎಂಬುದೂ ಜನರ ನಿಲುವನ್ನು ರೂಪಿಸುತ್ತವೆ. ಬೆಂಬಲವು ಯೋಜನೆ ಪ್ರಕಟವಾಗುವ ಮೊದಲು ಹೆಚ್ಚಿದ್ದು, ಚರ್ಚೆಯ ಹಂತದಲ್ಲಿ ಕುಸಿದು, ಯಂತ್ರಗಳು ಸ್ಥಾಪನೆಯಾದ ಬಳಿಕ ಮತ್ತೆ ಏರುವುದುಂಟು. ಹಾಗಾಗಿ ಸ್ಥಳವೂ ಸಂಖ್ಯೆಯೂ ನಿಗದಿಯಾದ ಮೇಲೆ ಕರೆಯುವ ಅಹವಾಲು ಸಭೆಗಿಂತ, ಅವು ಇನ್ನೂ ಬದಲಾಗಬಲ್ಲ ಹೊತ್ತಿನಲ್ಲಿ ನಡೆಯುವ ಮಾತುಕತೆಗೆ ಹೆಚ್ಚು ಬೆಲೆಯಿದೆ.

ಹಣ ಹಂಚುವ ಕ್ರಮಗಳೂ ಸುಧಾರಿಸಿವೆ. ಜರ್ಮನಿಯಲ್ಲಿ 2021ರಿಂದ ಉತ್ಪಾದಕರು ಸುತ್ತಲಿನ ಸ್ಥಳೀಯ ಆಡಳಿತಕ್ಕೆ ಯೂನಿಟ್‌ಗೆ 0.2 ಸೆಂಟ್‌ವರೆಗೆ ಕೊಡಲು ಅವಕಾಶವಿದೆ. ವರ್ಷಕ್ಕೆ ಒಂದು ಕೋಟಿ ಯೂನಿಟ್ ನೀಡುವ ಯಂತ್ರದಿಂದ ಇದು 20,000 ಯೂರೊ ಆಗುತ್ತದೆ. ಸ್ಕಾಟ್ಲೆಂಡಿನ ಗೀಘಾ ದ್ವೀಪದಲ್ಲಂತೂ ನಿವಾಸಿಗಳೇ ಯಂತ್ರಗಳ ಒಡೆಯರಾಗಿದ್ದಾರೆ.

ಆದರೆ ಹಣದಿಂದ ಮಾತ್ರ ಬಗೆಹರಿಯದ ಪ್ರಶ್ನೆಗಳಿವೆ ಎಂಬುದನ್ನು ನಾರ್ವೆಯ ಫೋಸೆನ್ ತೋರಿಸಿತು. ಅಲ್ಲಿನ ಗಾಳಿಯಂತ್ರಗಳು ಹಿಮಸಾರಂಗ ಸಾಕುವ ಸಾಮಿ ಎಂಬ ಮೂಲನಿವಾಸಿ ಜನರ ಚಳಿಗಾಲದ ಮೇವಿನ ನೆಲದಲ್ಲಿ ಎದ್ದಿದ್ದವು. ಅವುಗಳಿಗೆ ಕೊಟ್ಟ ಪರವಾನಗಿಯು ಸಾಮಿಗಳ ಸಾಂಸ್ಕೃತಿಕ ಹಕ್ಕನ್ನು ಉಲ್ಲಂಘಿಸಿದೆ ಎಂದು 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತರೂ ಯಂತ್ರಗಳು ತಿರುಗುತ್ತಲೇ ಇದ್ದವು. 2023ರಲ್ಲಿ ಯುವಜನರು ಓಸ್ಲೋದ ಸಚಿವಾಲಯಗಳ ಮುಂದೆ ಧರಣಿ ಕೂತರು. ಅದೇ ವರ್ಷದ ಡಿಸೆಂಬರ್‌ನಲ್ಲಿ ದಕ್ಷಿಣ ಫೋಸೆನ್‌ನ ಸಾಕಣೆಗಾರರೊಂದಿಗೆ ಆದ ಒಪ್ಪಂದದಲ್ಲಿ, ಪರವಾನಗಿಯ ಅವಧಿ ಮುಗಿದ ಬಳಿಕ ಯೋಜನೆಯನ್ನು ಮುಂದುವರಿಸಬಾರದೆಂದು ತಡೆಯುವ ಅಧಿಕಾರ ಅವರಿಗೆ ದಕ್ಕಿತು.