ಈರುಳ್ಳಿ ಲೆಕ್ಕದಲ್ಲೂ ಮೋಸವಿಲ್ಲ!

ರಷ್ಯನ್ ನಾಟಕ ಎಂದರೆ ನಮಗೆ ಚೆಕಾಫ್, ಗೊಗೊಲ್. ಅಲೆಕ್ಸಾಂಡರ್ ಆಸ್ಟ್ರೋವ್‌ಸ್ಕಿಯ ಹೆಸರು ಅಷ್ಟಾಗಿ ಕಿವಿಗೆ ಬಿದ್ದಿರುವುದಿಲ್ಲ. ಮಾಸ್ಕೋದ ಮಾಲಿ ರಂಗಮಂದಿರಕ್ಕೆ ಮಾತ್ರ ‘ಆಸ್ಟ್ರೋವ್‌ಸ್ಕಿಯ ಮನೆ’ ಎಂದೇ ಹೆಸರು. ಹೊರಗೆ ಕುರ್ಚಿಯಲ್ಲಿ ಕೂತ ಅವನ ಪ್ರತಿಮೆಯಿದೆ. ಅಂಥವನ ಮೊದಲ ದೊಡ್ಡ ನಾಟಕ, ಬರೆದದ್ದು ಬರೆದಂತೆ ರಂಗ ಏರಲು ಮೂವತ್ತು ವರ್ಷ ಹಿಡಿಯಿತು.

1823ರಲ್ಲಿ ಅವನು ಹುಟ್ಟಿದ್ದು ಮಾಸ್ಕೋ ನದಿಯಾಚೆಯ ವರ್ತಕರ ಕೇರಿಯಲ್ಲಿ. ಕಾನೂನು ಓದನ್ನು ಅರ್ಧಕ್ಕೆ ಬಿಟ್ಟು ಕೋರ್ಟ್ ಗುಮಾಸ್ತನಾದ. 1845ರಿಂದ ವಾಣಿಜ್ಯ ನ್ಯಾಯಾಲಯ, ತಿಂಗಳಿಗೆ 4 ರೂಬಲ್. ಸಂಬಳದ ಮಾತು ಬಿಡಿ, ಕಥೆಗೆ ಬರವಿರಲಿಲ್ಲ. ಆಸ್ತಿಯನ್ನು ಬೇರೆಯವರ ಹೆಸರಿಗೆ ಬರೆದು, ದಿವಾಳಿ ಎಂದು ಕೈಯೆತ್ತಿ, ಸಾಲ ಕೊಟ್ಟವರಿಗೆ ಪಂಗನಾಮ ಹಾಕುವ ಸಾಹುಕಾರರನ್ನು ಅಲ್ಲಿ ದಿನವೂ ಕಂಡ.

‘ನಾವು ನಾವೇ, ಲೆಕ್ಕ ಆಮೇಲೆ ನೋಡಿಕೊಂಡರಾಯ್ತು’ ಎಂಬರ್ಥದ ಹೆಸರಿನ ಆ ನಾಟಕದಲ್ಲಿ ಸಾಹುಕಾರ ಬೊಲ್ಶೋವ್ ಮಾಡುವುದೂ ಅದನ್ನೇ. ಎಲ್ಲವನ್ನೂ ನಂಬಿಗಸ್ತ ಗುಮಾಸ್ತ ಪದ್‌ಹಾಲ್ಯೂಜಿನ್‌ಗೆ ಬರೆದುಕೊಟ್ಟು ಮಗಳನ್ನೂ ಕೊಡುತ್ತಾನೆ. ಮುದುಕ ಸಾಲದ ಜೈಲು ಸೇರಿದಾಗ, ಸಾಲದ ಒಂದೊಂದು ರೂಬಲ್ಲಿಗೆ 10 ಕೊಪೆಕ್‌ಗಿಂತ, ಅಂದರೆ ಹತ್ತನೇ ಒಂದು ಪಾಲಿಗಿಂತ, ಹೆಚ್ಚು ಕೊಟ್ಟು ಬಿಡಿಸಲು ಅಳಿಯನಿಗೂ ಮನಸ್ಸಿಲ್ಲ, ಮಗಳಿಗೂ ಇಲ್ಲ. ಕೊನೆಗೆ ಅಳಿಯ ಪ್ರೇಕ್ಷಕರತ್ತ ತಿರುಗುತ್ತಾನೆ: ಹೊಸ ಅಂಗಡಿ ತೆರೆಯುತ್ತಿದ್ದೇವೆ, ದಯಮಾಡಿಸಿ, ಚಿಕ್ಕ ಮಗುವನ್ನು ಕಳಿಸಿದರೂ ಒಂದು ಈರುಳ್ಳಿಯಷ್ಟೂ ಮೋಸ ಮಾಡುವುದಿಲ್ಲ. ತಣ್ಣಗೆ ಬೆನ್ನಿಗೆ ಚೂರಿ ಹಾಕಿದವನ ಬಾಯಲ್ಲಿ ಈ ಮಾತು! ನನಗೆ ಇಡೀ ನಾಟಕದ ಜೀವ ಇಲ್ಲೇ ಕಾಣುತ್ತದೆ.

ಅಚ್ಚಾಗುವ ಮೊದಲೇ ಹಸ್ತಪ್ರತಿಯ ವಾಚನ ಮಾಸ್ಕೋದ ಮನೆಮನೆಗಳಲ್ಲಿ ನಡೆದಿತ್ತು. ಇತಿಹಾಸಕಾರ ಪೊಗೊದಿನ್ ಮನೆಯಲ್ಲಿ ಗೊಗೊಲ್ ಕೂಡ ಬಂದು ಕೇಳಿದ್ದ. 1850ರಲ್ಲಿ ಪತ್ರಿಕೆಯೊಂದರಲ್ಲಿ ಪ್ರಕಟವೂ ಆಯಿತು. ಆದರೆ ಪಾತ್ರಗಳೆಲ್ಲ ನೀಚರು, ಇದು ವರ್ತಕ ಕುಲಕ್ಕೇ ಅವಮಾನ ಎಂಬುದು ನಾಟಕ ಸೆನ್ಸಾರಿನ ತಕರಾರು. ಅಚ್ಚು ಹಾಕಿದ್ದೇ ದಂಡ, ಆಡುವುದಂತೂ ಬೇಡ ಎಂದು ಸ್ವತಃ ತ್ಸಾರ್ ಒಂದನೇ ನಿಕೊಲಾಯ್ ಷರಾ ಬರೆದ. ಲೇಖಕನ ಮೇಲೆ ಪೊಲೀಸರ ಕಣ್ಣು ಬಿತ್ತು. 1851ರಲ್ಲಿ ಕೆಲಸವೂ ಹೋಯಿತು.

ತ್ಸಾರ್ ಬದಲಾದ ಮೇಲೆ, 1861ರಲ್ಲಿ, ನಾಟಕವೇನೋ ರಂಗ ಏರಿತು. ಆದರೆ ಕೊನೆಯಲ್ಲಿ ಪೊಲೀಸ್ ಅಧಿಕಾರಿ ಬಂದು ಅಳಿಯನನ್ನು ಹಿಡಿಯಬೇಕು! ತನ್ನ ಕೈಯನ್ನೋ ಕಾಲನ್ನೋ ತಾನೇ ಕಡಿದುಕೊ ಎಂದಂತಾಯಿತು ಎಂದು ಈ ತಿದ್ದುಪಡಿಯ ಬಗ್ಗೆ ಆಸ್ಟ್ರೋವ್‌ಸ್ಕಿ ನೊಂದು ಬರೆದಿದ್ದ. ಹಾಗೆಂದು ಕೈಕಟ್ಟಿ ಕೂರಲಿಲ್ಲ. 1859ರ ‘ಗುಡುಗುಮಳೆ’ ಸೇರಿ ನಲವತ್ತಕ್ಕೂ ಹೆಚ್ಚು ನಾಟಕ ಬರೆದ.

1881ರಲ್ಲಿ ಮಾಸ್ಕೋದ ಖಾಸಗಿ ರಂಗಮಂದಿರವೊಂದು ಮೂಲ ರೂಪದಲ್ಲೇ ನಾಟಕ ಆಡಿತು. ಆಸ್ಟ್ರೋವ್‌ಸ್ಕಿಗೆ ಆಗ 58. ಇನ್ನು ಐದೇ ವರ್ಷ ಬದುಕಿದ್ದ. ಪೊಲೀಸ್ ಬರಲಿಲ್ಲ. ಅಳಿಯ ಮುಂದೆ ಬಂದು, ಎಲ್ಲರನ್ನೂ ಅಂಗಡಿಗೆ ಕರೆದ.