ಹಾಪುಸ್ ಪೇಟಿಯಲ್ಲಿ ಆಲ್ಕೀನ್, ಆಲ್ಕೈನ್

ಏಪ್ರಿಲ್ ಬಂತೆಂದರೆ ನವಿ ಮುಂಬೈನ ವಾಶಿಯ ಎಪಿಎಂಸಿ ಮಾರುಕಟ್ಟೆಯಲ್ಲಿ ರತ್ನಾಗಿರಿ, ದೇವಗಡದ ಹಾಪುಸ್ (ಆಪೂಸ್) ಮಾವಿನ ಪಕ್ಕದಲ್ಲೇ ನಮ್ಮ ಕರ್ನಾಟಕದ ಹಾಪುಸ್ ಪೇಟಿಗಳೂ ಇಳಿಯುತ್ತವೆ. ಬರುವಾಗ ಬಹುಪಾಲು ಕಾಯಿಯೇ. ಮುಂಬೈ ಕನ್ನಡಿಗರ ಮನೆಗಳಲ್ಲಿ ‘ಇದು ಕಾರ್ಬೈಡ್ ಹಣ್ಣೋ, ಗ್ಯಾಸಿನ ಹಣ್ಣೋ’ ಎಂದು ಕೇಳುವುದುಂಟು. ಎರಡೂ ಗ್ಯಾಸಿನವೇ. ಕ್ಯಾಲ್ಸಿಯಂ ಕಾರ್ಬೈಡ್‌ಗೆ ನೀರು ತಾಗಿದಾಗ ಏಳುವುದು ಅಸಿಟಿಲೀನ್, ಹಣ್ಣು ಮಾಗಿಸುವ ಕೋಣೆಗೆ ಬಿಡುವುದು ಎಥಿಲೀನ್. ಅಣುವಿನಲ್ಲಿ ಇವೆರಡಕ್ಕೂ ಇರುವ ವ್ಯತ್ಯಾಸ ಎರಡೇ ಎರಡು ಹೈಡ್ರೋಜನ್.

ಕಾರ್ಬನ್‌ಗಳ ನಡುವೆ ದ್ವಿಬಂಧ ಇರುವ ಹೈಡ್ರೋಕಾರ್ಬನ್ ಆಲ್ಕೀನ್, ತ್ರಿಬಂಧ ಇದ್ದರೆ ಆಲ್ಕೈನ್. ಎಥಿಲೀನ್ ಅತಿ ಚಿಕ್ಕ ಆಲ್ಕೀನ್: ಎರಡು ಕಾರ್ಬನ್, ನಾಲ್ಕು ಹೈಡ್ರೋಜನ್, ನಡುವೆ ದ್ವಿಬಂಧ. ಅಸಿಟಿಲೀನ್ ಅತಿ ಚಿಕ್ಕ ಆಲ್ಕೈನ್: ಹೈಡ್ರೋಜನ್ ಎರಡೇ, ನಡುವೆ ತ್ರಿಬಂಧ. ಕಾರ್ಬನ್‌ಗಳ ನಡುವಿನ ಏಕಬಂಧ ಮುರಿಯಲು ಮೋಲ್‌ಗೆ (ಅಣುಗಳನ್ನು ಎಣಿಸುವ ಅಳತೆ) ಸುಮಾರು 347 ಕಿಲೋಜೂಲ್ ಬೇಕು, ದ್ವಿಬಂಧಕ್ಕೆ 611, ತ್ರಿಬಂಧಕ್ಕೆ 837. ಅಂದರೆ ದುಪ್ಪಟ್ಟೂ ಅಲ್ಲ, ಮೂರು ಪಟ್ಟೂ ಅಲ್ಲ. ಮೊದಲ ಬಂಧಕ್ಕೆ ಸಿಗ್ಮಾ ಎಂದು ಹೆಸರು; ಅದರ ಮೇಲೆ ಕೂರುವ ಎರಡನೇ, ಮೂರನೇ ಬಂಧಗಳು ಪೈ, ಅವು ಸಿಗ್ಮಾಕ್ಕಿಂತ ಸಡಿಲ. ಬ್ರೋಮಿನ್ ಆಗಲಿ, ಹೈಡ್ರೋಜನ್ ಆಗಲಿ, ಬಂದು ಕೈಹಾಕುವುದು ಅಲ್ಲೇ.

ಹನ್ನೆರಡನೇ ತರಗತಿಯವರು ಎಡವುವುದೂ ಇಲ್ಲೇ. ತ್ರಿಬಂಧದಲ್ಲಿ ಪೈ ಎರಡಿವೆ, ಹಾಗಾದರೆ ಬ್ರೋಮಿನ್ ಇನ್ನೂ ಬೇಗ ಸೇರಬೇಕಲ್ಲ ಎಂದು ಬರೆದುಬಿಡುತ್ತಾರೆ. ಆಗುವುದು ಉಲ್ಟಾ. ತ್ರಿಬಂಧದ ಕಾರ್ಬನ್ ತನ್ನ ಎಲೆಕ್ಟ್ರಾನ್‌ಗಳನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ, ಬ್ರೋಮಿನ್‌ಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅದೇ ಬಿಗಿಯಿಂದಾಗಿ ತುದಿಯ ಹೈಡ್ರೋಜನ್ ಮಾತ್ರ ಪ್ರೋಟಾನ್ ಆಗಿ ಕಳಚಿಕೊಳ್ಳಬಲ್ಲದು. ಇದರ ಅಳತೆ ಪಿಕೆಎ, ಅದು ಕಡಿಮೆ ಇದ್ದಷ್ಟೂ ಪ್ರೋಟಾನ್ ಬಿಡುವುದು ಸುಲಭ: ಅಸಿಟಿಲೀನ್‌ನ ಪಿಕೆಎ ಸುಮಾರು 25, ಎಥಿಲೀನ್‌ನದು ಸುಮಾರು 44.

ಲ್ಯಾಬಿನಲ್ಲಿ ಕಾರ್ಬೈಡ್ ತುಂಡಿನ ಮೇಲೆ ನೀರು ಹನಿಸಿ, ಬಂದ ಅನಿಲವನ್ನು ನೇರವಾಗಿ ಬ್ರೋಮಿನ್ ನೀರಿಗೆ (ಪೈ ಬಂಧಕ್ಕೆ ಬ್ರೋಮಿನ್ ಸೇರಿದರೆ ಇದರ ಬಣ್ಣ ಹೋಗುತ್ತದೆ) ಬಿಟ್ಟು ‘ಬಣ್ಣ ಹೋಯಿತು, ತ್ರಿಬಂಧ ಇದೆ’ ಎಂದರೆ ಆ ಫಲಿತಾಂಶ ನಂಬಲು ಬರುವುದಿಲ್ಲ. ಮಾರುಕಟ್ಟೆಯ ಕಾರ್ಬೈಡ್‌ನಲ್ಲಿ ಕ್ಯಾಲ್ಸಿಯಂ ಫಾಸ್ಫೈಡ್ ಬೆರೆತಿರುತ್ತದೆ. ಅದರಿಂದ ಏಳುವ ಫಾಸ್ಫೀನ್ ತಾನೇ ಬ್ರೋಮಿನ್ ಬಣ್ಣ ತೆಗೆದುಬಿಡುತ್ತದೆ. ಅನಿಲವನ್ನು ಮೊದಲು ಆಮ್ಲ ಬೆರೆಸಿದ ಕಾಪರ್ ಸಲ್ಫೇಟ್ ದ್ರಾವಣದಲ್ಲಿ ಗುಳುಗುಳು ಎನಿಸಿ ತೊಳೆಯಬೇಕು. ಆಲ್ಕೀನೋ, ತುದಿಯ ಆಲ್ಕೈನೋ ಎಂದು ತಿಳಿಯಲು ಅಮೋನಿಯಾ ಬೆರೆತ ಸಿಲ್ವರ್ ನೈಟ್ರೇಟ್ ಸಾಕು: ಅಸಿಟಿಲೀನ್ ಆದರೆ ಬೆಳ್ಳನೆಯ ಗಸಿ, ಎಥಿಲೀನ್ ಆದರೆ ಏನೂ ಇಲ್ಲ. ಆ ಗಸಿ ಒಣಗಲು ಬಿಡಬಾರದು. ಒಣಗಿದ ಸಿಲ್ವರ್ ಅಸಿಟಿಲೈಡ್ ಸಣ್ಣ ಉಜ್ಜುವಿಕೆಗೂ ಸಿಡಿಯುತ್ತದೆ. ಒದ್ದೆ ಇರುವಾಗಲೇ ತೆಳು ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಮುಗಿಸಿಬಿಡಬೇಕು.

ಪೇಟಿಯ ತಳದಲ್ಲಿ ಪೇಪರ್ ಪೊಟ್ಟಣ ಕಟ್ಟಿ ಇಡುವ ಬೂದು ಬಣ್ಣದ ಕಲ್ಲೂ ಇದೇ ಕಾರ್ಬೈಡ್. ಕಾಯಿ ಬಿಡುವ ತೇವವೇ ಅದಕ್ಕೆ ಸಾಕು. ಅನಿಲ ಹೋದ ಮೇಲೆ ಉಳಿಯುವ ಬಿಳಿ ಪುಡಿ ಸುಣ್ಣ. ಮೂಗಿಗೆ ಬಡಿಯುವ ಬೆಳ್ಳುಳ್ಳಿಯಂಥ ವಾಸನೆ ಅಸಿಟಿಲೀನ್‌ನದಲ್ಲ, ಫಾಸ್ಫೀನ್ ತರಹದ ಕಲ್ಮಶಗಳದ್ದು. ಆರ್ಸೆನಿಕ್ ಅಂಶವೂ ಜೊತೆಗೆ ಬರುತ್ತದೆ. 2011ರ ಆಹಾರ ಸುರಕ್ಷತಾ ನಿಯಮದಲ್ಲಿ ಇದನ್ನು ನಿಷೇಧಿಸಿರುವುದು ಸುಮ್ಮನೆ ಅಲ್ಲ.

ಬೆಂಕಿಯ ಅಪಾಯವನ್ನು ಮಾತ್ರ ಯಾರೂ ಲೆಕ್ಕ ಹಾಕುವುದಿಲ್ಲ. ನೂರಕ್ಕೆ 80ರಷ್ಟು ಶುದ್ಧ ಕಾರ್ಬೈಡ್ 100 ಗ್ರಾಂ ನೀರಿನೊಂದಿಗೆ ಪೂರ್ತಿ ವರ್ತಿಸಿದರೆ ಸುಮಾರು 30 ಲೀಟರ್ ಅಸಿಟಿಲೀನ್. ಒಂದು ಘನ ಮೀಟರ್ ಮುಚ್ಚಿದ ಜಾಗದಲ್ಲಿ ಅದು ಶೇ. 3. ಗಾಳಿಯಲ್ಲಿ ಶೇ. 2.5 ದಾಟಿದರೆ ಅಸಿಟಿಲೀನ್ ಕಿಡಿಗೆ ಹೊತ್ತುತ್ತದೆ. ತಾಡಪಾಲು ಬಿಗಿದ ಟೆಂಪೋದೊಳಗೆ ಬೀಡಿ ಹಚ್ಚುವವರು ಈ ಗುಣಾಕಾರ ನೋಡಬೇಕು.

ಎಥಿಲೀನ್ ಲೆಕ್ಕವೇ ಬೇರೆ. ಅದು ಹಣ್ಣಿನದೇ ಹಾರ್ಮೋನು. ಕಾಯಿಯ ಜೀವಕೋಶದಲ್ಲಿರುವ ಗ್ರಾಹಕ ಪ್ರೋಟೀನ್‌ನಲ್ಲಿ ಒಂದು ತಾಮ್ರದ ಅಯಾನು ಇದೆ, ಎಥಿಲೀನ್‌ನ ಪೈ ಎಲೆಕ್ಟ್ರಾನ್‌ಗಳು ಅದಕ್ಕೇ ಅಂಟುತ್ತವೆ. ಅಸಿಟಿಲೀನ್ ಅದೇ ಬಾಗಿಲು ತಟ್ಟುತ್ತದೆ, ಆದರೆ ಬಹಳ ದುರ್ಬಲವಾಗಿ. ಅದಕ್ಕೇ ಕಾರ್ಬೈಡ್ ಅಷ್ಟೊಂದು ಸುರಿಯಬೇಕಾಗುತ್ತದೆ. ಎಥಿಲೀನ್‌ಗೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2016ರಲ್ಲಿ ಕೊಟ್ಟ ಮಿತಿ 100 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗಕ್ಕೆ ನೂರು ಭಾಗ. ಮೂರು ಮೀಟರ್ ಉದ್ದ, ಅಗಲ, ಎತ್ತರದ ಕೋಣೆ 27 ಘನ ಮೀಟರ್, ಅದಕ್ಕೆ ಬೇಕಾದ ಅನಿಲ 2.7 ಲೀಟರ್ ಮಾತ್ರ. ಎಥಿಲೀನ್ ಜನರೇಟರ್‌ನಲ್ಲಿ ಬಿಸಿ ವೇಗವರ್ಧಕದ ಮೇಲೆ ಎಥನಾಲ್ ನೀರು ಕಳೆದುಕೊಂಡು ಎಥಿಲೀನ್ ಆಗುತ್ತದೆ, ಈ 2.7 ಲೀಟರಿಗೆ ಐದಾರು ಗ್ರಾಂ ಎಥನಾಲ್ ಸಾಕು. ಎಥಿಲೀನ್ ಬಿಡುವ ರಾಸಾಯನಿಕವಾದ ಎಥೆಫಾನ್‌ನ ಪೊಟ್ಟಣವಾದರೆ ಹಣ್ಣಿಗೆ ತಾಗದಂತೆ ಇಡಬೇಕು. ಎಥೆಫಾನ್ ದ್ರಾವಣದಲ್ಲಿ ಕಾಯಿ ಅದ್ದಿ ತೆಗೆಯುವುದಕ್ಕೆ ಅನುಮತಿ ಇಲ್ಲ.

ಮಾವಿಗೆ 20ರಿಂದ 22 ಡಿಗ್ರಿ, ಶೇ. 90ರ ಸುಮಾರು ತೇವಾಂಶ, 24ರಿಂದ 48 ಗಂಟೆ ಅನಿಲ. ಕೋಣೆ ಕೆಟ್ಟುಹೋಗುವುದು ಹೆಚ್ಚಾಗಿ ಎಥಿಲೀನ್ ಕಡಿಮೆಯಾಗಿ ಅಲ್ಲ, ಕಾರ್ಬನ್ ಡೈಆಕ್ಸೈಡ್ ತುಂಬಿ. ಮಾಗುವ ಹಣ್ಣು ಜೋರಾಗಿ ಉಸಿರಾಡುತ್ತದೆ. ಆ ಅನಿಲ ಶೇ. 1 ದಾಟಿದರೆ ಎಥಿಲೀನ್‌ನ ಕೆಲಸಕ್ಕೇ ಅಡ್ಡಿ. ಹನ್ನೆರಡು ಗಂಟೆಗೊಮ್ಮೆಯಾದರೂ ಬಾಗಿಲು ತೆರೆದು ಗಾಳಿ ಆಡಿಸಬೇಕು, ಪೇಟಿಗಳ ನಡುವೆ ಕೈ ತೂರುವಷ್ಟು ಜಾಗ ಬಿಡಬೇಕು. ಒತ್ತಾಗಿ ಪೇರಿಸಿದರೆ ನಡುವಿನ ಹಣ್ಣು ಬಿಸಿಯೇರಿ ರುಚಿ ಕೆಡುತ್ತದೆ. ಬಲಿಯದ ಕಾಯಿಗೆ ಯಾವ ಅನಿಲ ಬಿಟ್ಟರೂ ಸಿಪ್ಪೆ ಹಳದಿಯಾದೀತು, ಒಳಗೆ ಸಿಹಿ ಬಾರದು. ಬಕೆಟ್ ನೀರಿಗೆ ಹಾಕಿ ನೋಡಿ, ಬಲಿತ ಕಾಯಿ ಸಾಮಾನ್ಯವಾಗಿ ಮುಳುಗುತ್ತದೆ.

ಡೊಂಬಿವಲಿಯ ಒಂದು ಬೆಡ್‌ರೂಮ್ ಫ್ಲ್ಯಾಟಿನಲ್ಲಿ ಇಷ್ಟೆಲ್ಲ ಬೇಕಿಲ್ಲ. ನಾವು ಅಡೆ ಹಾಕುವುದು ಎನ್ನುತ್ತೇವೆ, ಪಕ್ಕದ ಮನೆಯ ಮರಾಠಿಯವರು ಆಢಿ ಎನ್ನುತ್ತಾರೆ, ಕೆಲಸ ಒಂದೇ. ಹುಲ್ಲು ಸಿಗದಿದ್ದರೆ ರಟ್ಟಿನ ಡಬ್ಬಿ, ಹಳೇ ಪೇಪರ್, ಜೊತೆಗೊಂದು ಕಳಿತ ಬಾಳೆಹಣ್ಣು. ಬಾಳೆ ಬಿಡುವ ಎಥಿಲೀನ್ ಮಾವನ್ನು ಎಬ್ಬಿಸುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಬೇಡಿ, ಆಮ್ಲಜನಕ ಮುಗಿದು ಹಣ್ಣು ಹುಳಿ ವಾಸನೆ ಹಿಡಿಯುತ್ತದೆ. ಫ್ರಿಜ್ಜಿಗೆ ಹಾಕುವುದು ಮಾಗಿದ ಮೇಲೆ. ಕಾಯಿ ಇರುವಾಗಲೇ ಇಟ್ಟರೆ ಚಳಿ ತಗುಲಿ ಸಿಪ್ಪೆ ಕಪ್ಪುಗಟ್ಟುತ್ತದೆ, ಆಮೇಲೆ ಹೊರಗಿಟ್ಟರೂ ಸರಿಯಾಗಿ ಹಣ್ಣಾಗುವುದಿಲ್ಲ.